ಅಯಸ್ಕಾಂತ ಹೋಗಿ ಸುರುಳಿ ಬಂದಾಗ: ಚಿಕ್ಕನಾಯಕನಹಳ್ಳಿಯ ಟಿಪ್ಪಣಿಗಳು

4 ಮಿಲಿವೋಲ್ಟ್ ಕೊಡುತ್ತಿರುವುದನ್ನು ಬಿಚ್ಚಿಟ್ಟು 0.3 ಮಿಲಿವೋಲ್ಟ್ ಕೊಡುವುದನ್ನು ಹಾಕಿಕೊಳ್ಳಲು ಭಾವ ಹೊರಟಿದ್ದಾರೆ. ಅದೂ ಹಲವು ಪಟ್ಟು ಹೆಚ್ಚು ದುಡ್ಡು ಕೊಟ್ಟು. ಫಸಲು ಹದಿಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ಗೊತ್ತಿದ್ದೂ ಸಸಿ ನೆಡುವವರು ಈ ತೆಂಗಿನ ಸೀಮೆಯಲ್ಲಿ ನನಗೆ ಸಿಕ್ಕಿಲ್ಲ. ಹಾಗಾಗಿ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಈಗ ಅವರ ಟರ್ನ್‌ಟೇಬಲ್ ಮೇಲಿರುವುದು ಆಡಿಯೋ-ಟೆಕ್ನಿಕಾದ ವಿಎಂ95ಇ ಎಂಬ ಕಾರ್ಟ್ರಿಡ್ಜ್, ಪ್ಲೇಟು ಓದುವ ಮುಳ್ಳಿನ ಡಬ್ಬಿ. ಇದು ಮೂವಿಂಗ್ ಮ್ಯಾಗ್ನೆಟ್ ಜಾತಿಯದು. ಬರಲಿರುವುದು ಡೆನಾನ್ ಡಿಎಲ್-103, ಮೂವಿಂಗ್ ಕಾಯಿಲ್. ಎರಡೂ ಜಪಾನಿನಲ್ಲಿ ಹುಟ್ಟಿದ ಕಂಪನಿಗಳೇ. ಎರಡರಲ್ಲೂ ವಜ್ರದ ಮುಳ್ಳೇ. ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಬೆರಳ ತುದಿಯಷ್ಟಿನ ಪ್ಲಾಸ್ಟಿಕ್ ಡಬ್ಬಿಗಳು.

*

ಪ್ಲೇಟಿನ ಗೀರಿನಲ್ಲಿ ಮುಳ್ಳು ಅಲುಗಾಡುತ್ತದೆ. ಮುಳ್ಳು ಕೂತಿರುವ ಕಡ್ಡಿಯ ಇನ್ನೊಂದು ತುದಿಯಲ್ಲಿ ಏನಿದೆ ಎಂಬುದೇ ವ್ಯತ್ಯಾಸ. ಮೊದಲನೆಯದರಲ್ಲಿ ಕಡ್ಡಿಯ ತುದಿಗೆ ಪುಟ್ಟ ಅಯಸ್ಕಾಂತ, ಪಕ್ಕದಲ್ಲಿ ಕದಲದೆ ನಿಂತ ತಂತಿಯ ಸುರುಳಿ. ಎರಡನೆಯದರಲ್ಲಿ ಕದಲದೆ ನಿಂತದ್ದು ಅಯಸ್ಕಾಂತ, ಕಡ್ಡಿಯ ಜೊತೆ ಆಡುವುದು ಸುರುಳಿ. ಯಾವುದು ಆಡಿದರೂ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಯುಸಿಯಲ್ಲಿ ಓದಿದ ಫ್ಯಾರಡೆ.

ಹಾಗಿದ್ದರೆ ಸುರುಳಿಯದು ಏಕೆ ಅಷ್ಟು ಸಣ್ಣ ದನಿ? ಇದನ್ನು ಭಾವನಿಂದಲೇ ಕೇಳಿ ತಿಳಿದದ್ದು. ನಿಂತಲ್ಲೇ ನಿಂತ ಸುರುಳಿಗೆ ಸಾವಿರಾರು ಸುತ್ತು ಹಾಕಬಹುದು, ಅದರ ತೂಕ ಯಾರಿಗೂ ಭಾರವಲ್ಲ. ಮುಳ್ಳಿನ ಬೆನ್ನ ಮೇಲೆ ಕೂತು ಸೆಕೆಂಡಿಗೆ ಸಾವಿರಾರು ಸಲ ಅಲುಗಬೇಕಾದ ಸುರುಳಿಗೆ ಹಾಗೆ ಹಾಕಲಾಗದು. ಕೂದಲಿಗಿಂತ ಸಣ್ಣ ತಂತಿ, ಕೆಲವೇ ಸುತ್ತು. ಸುತ್ತು ಕಮ್ಮಿಯಾದರೆ ವೋಲ್ಟೇಜೂ ಕಮ್ಮಿ.

“ಕಮ್ಮಿಯಾದ್ರೆ ಲಾಭ ಏನು ಭಾವ?” ಎಂದೆ.

“ಸುತ್ತು ಜಾಸ್ತಿ ಆದಷ್ಟೂ ಸುರುಳಿಯ ಇಂಡಕ್ಟೆನ್ಸ್ ಜಾಸ್ತಿ ಕಣಪ್ಪ. ಅದು ಕೇಬಲ್ಲಿನ ಕೆಪಾಸಿಟೆನ್ಸ್ ಜೊತೆ ಸೇರ್ಕೊಂಡು ಮೇಲಿನ ಸ್ವರಗಳಲ್ಲಿ ತನ್ನದೇ ಒಂದು ಉಬ್ಬು ಮಾಡುತ್ತೆ. ಇದರಲ್ಲಿ ಆ ಕಾಟ ಇಲ್ಲ.”

ಇದು ನನಗೆ ಒಪ್ಪಿತವಾಯಿತು. ಮೂವಿಂಗ್ ಮ್ಯಾಗ್ನೆಟ್ಟಿನ ಸುರುಳಿಯ ಇಂಡಕ್ಟೆನ್ಸ್ ನೂರಾರು ಮಿಲಿಹೆನ್ರಿ. ಮೂವಿಂಗ್ ಕಾಯಿಲ್ಲಿನದು ಮೈಕ್ರೋಹೆನ್ರಿಗಳಲ್ಲಿ. ಆದರೆ “ಸುರುಳಿ ಹಗುರ, ಅಯಸ್ಕಾಂತ ಭಾರ” ಎಂಬ ಇನ್ನೊಂದು ವಾದವನ್ನು ಪೂರ್ತಿ ಒಪ್ಪಲಾರೆ. ಈಗಿನ ನಿಯೋಡಿಮಿಯಂ ಅಯಸ್ಕಾಂತಗಳನ್ನು ತೀರಾ ಸಣ್ಣದಾಗಿ ಮಾಡಲು ಬರುತ್ತದೆ. ಡಿಎಲ್-103 ಅಂತೂ 1964ರ ವಿನ್ಯಾಸ. ಜಪಾನಿನ ಆಕಾಶವಾಣಿ ಎನ್‌ಎಚ್‌ಕೆಗಾಗಿ, ಸ್ಟೀರಿಯೋ ಎಫ್‌ಎಂ ಪ್ರಸಾರಕ್ಕೆಂದು ಮಾಡಿದ್ದು. ದಿನಗಟ್ಟಲೆ ಕೆಟ್ಟು ಕೂರದೆ ಒಂದೇ ಸಮ ದುಡಿಯಬೇಕು ಎಂಬುದು ಸ್ಟುಡಿಯೋದವರಿಗೆ ಮುಖ್ಯವಾಗಿತ್ತು. ಅದನ್ನು ಇವತ್ತಿಗೂ ಮಾಡುತ್ತಿದ್ದಾರೆ, ಮುಳ್ಳು ಇವತ್ತಿಗೂ ಹಳೆಯ ಶಂಕುವಿನಾಕಾರದ್ದೇ.

*

ಅಕ್ಕ ಎಲ್ಲವನ್ನೂ ಕೊಬ್ಬರಿಯ ಲೆಕ್ಕದಲ್ಲಿ ಅಳೆಯುವವಳು. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ದರದಲ್ಲಿ ಹಿಡಿದರೆ ಕಾರ್ಟ್ರಿಡ್ಜು, ಅದರ ಸಣ್ಣ ದನಿಯನ್ನು ಏರಿಸುವ ಟ್ರಾನ್ಸ್‌ಫಾರ್ಮರು ಎರಡೂ ಸೇರಿ ಕೆಲವು ಕ್ವಿಂಟಲ್. ಕಾಯಿ ಕೆಡವಿ, ಅಟ್ಟಕ್ಕೇರಿಸಿ, ಹೆಚ್ಚುಕಮ್ಮಿ ಒಂದು ವರ್ಷ ನೀರು ಇಂಗಿಸಿ, ಸುಲಿದು, ಒಡೆದು ತಿಪಟೂರಿನ ಮಾರುಕಟ್ಟೆಗೆ ಹಾಕಿದ ಉಂಡೆ. ಅವಳ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ರಾತ್ರಿ ಊಟವಾದ ಮೇಲೆ ಸುಪ್ರಭಾತದ ಪ್ಲೇಟು ಹಾಕಿ ಎನ್ನುವವಳೂ ಅವಳೇ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಆ ಎಲ್‌ಪಿ 1963ರದು. ಬೆಳಗಿನ ಹಾಡನ್ನು ರಾತ್ರಿ ಕೇಳಬಾರದೆಂದು ಯಾರು ಹೇಳಿದರೂ ಅವಳು ಕೇಳುವುದಿಲ್ಲ.

*

ಪಕ್ಕದ ಮನೆಯ ಮೇಷ್ಟರು, “ಇದೆಲ್ಲ ಹೊರದೇಶದವರ ಖಯಾಲಿ, ನಮ್ಮದಲ್ಲ” ಎಂದರು. ಹಾಗೆನ್ನಲು ಆಗದು. ಮೈಸೂರಿನ ಜಯಚಾಮರಾಜ ಒಡೆಯರು 1948ರ ಸುಮಾರಿಗೆ ದುಡ್ಡು ಕೊಟ್ಟು, ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಮುದುಕ ಸಂಗೀತಗಾರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಎಚ್‌ಎಂವಿ ಪ್ಲೇಟುಗಳಲ್ಲಿ ತರಿಸಿದರು. ಮೆಟ್ನರ್ 1951ರಲ್ಲಿ ತೀರಿಕೊಂಡ. ಅವನ ಕೈ ಇವತ್ತಿಗೂ ಕೇಳಿಸುತ್ತಿದ್ದರೆ ಅದು ಮೈಸೂರಿನ ದುಡ್ಡಿನಿಂದ. ಪ್ಲೇಟಿನಲ್ಲಿ ಏನಿದೆ ಎಂದು ಇಷ್ಟು ಆಸ್ಥೆಯಿಂದ ಕೇಳುವುದು ಈ ನಾಡಿಗೆ ಹೊಸದಲ್ಲ.

*

ಭಾವನ ಸಂಗ್ರಹ ನೋಡಿದೆ. ಇದನ್ನು ಮೊದಲೇ ನೋಡಬೇಕಾದ್ದು ಎಂದು ನನ್ನ ಅಭಿಪ್ರಾಯ, ಯಾಕೆಂದರೆ ಯಾವ ಮುಳ್ಳು ಬೇಕೆಂದು ಹೇಳಬೇಕಾದವು ಪ್ಲೇಟುಗಳೇ.

ಮೂರು ಕಾಲದವು ಒಂದೇ ಬೀರುವಿನಲ್ಲಿವೆ. ಅವರ ತಾತನ ಕಾಲದ 78 ಆರ್‌ಪಿಎಂ ಪ್ಲೇಟುಗಳು: ಅರಗಿನವು, ಭಾರ, ಕೈ ಜಾರಿದರೆ ಚೂರು. ನಾಟಕದ ಹಾಡು, ದೇವರನಾಮ. ಆಮೇಲೆ ಅವರ ತಂದೆ ತಿಪಟೂರಿಗೆ ಕೊಬ್ಬರಿ ಹಾಕಲು ಹೋದಾಗಲೆಲ್ಲ ತಂದ ಸಿನಿಮಾ ಹಾಡಿನ ಸಣ್ಣ ಪ್ಲೇಟುಗಳು. 1972ರ ‘ಬಂಗಾರದ ಮನುಷ್ಯ’, ‘ನಾಗರಹಾವು’, 1977ರ ‘ಸನಾದಿ ಅಪ್ಪಣ್ಣ’. ಕೊನೆಗೆ ಭಾವ ತಾವೇ ಬೆಂಗಳೂರಿನಲ್ಲಿ ಹುಡುಕಿ ಕೊಂಡ ಎಲ್‌ಪಿಗಳು: ದೊರೆಸ್ವಾಮಿ ಅಯ್ಯಂಗಾರರ ವೀಣೆ, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್.

78ರ ಗೀರು ಅಗಲ. ಅದಕ್ಕೆ ತುದಿ ಸುಮಾರು 65 ಮೈಕ್ರಾನ್ ಇರುವ ಮುಳ್ಳು ಬೇಕು. ಎಲ್‌ಪಿಯ ಶಂಕು ಮುಳ್ಳಿನದು 15ರಿಂದ 18 ಮೈಕ್ರಾನ್. ಎಲ್‌ಪಿಯ ಮುಳ್ಳನ್ನು 78ಕ್ಕೆ ಇಟ್ಟರೆ ಅದು ಗೋಡೆಗಳನ್ನು ಮುಟ್ಟದೆ ತಳದ ಕಸದಲ್ಲಿ ಓಡುತ್ತದೆ. ಹಾಡಿಗಿಂತ ಕರಕರ ಹೆಚ್ಚು.

ಈಗಿರುವ ವಿಎಂ95ರಲ್ಲಿ ಇದಕ್ಕೊಂದು ದಾರಿ ಇದೆ. ಮುಳ್ಳನ್ನು ಉಗುರಿನಲ್ಲಿ ಎಳೆದು ತೆಗೆದು ಬೇರೆಯದನ್ನು ಸಿಕ್ಕಿಸಬಹುದು. 78ಕ್ಕೆಂದೇ ಎಸ್‌ಪಿ ಎಂಬ ಮುಳ್ಳು ಇದೆ, ಒಳ್ಳೆಯ ಎಲ್‌ಪಿಗೆ ಎಂಎಲ್ ಎಂಬ ಮೈಕ್ರೋಲೈನ್ ಮುಳ್ಳು ಇದೆ, ಮೈ ಒಂದೇ. ಮೂವಿಂಗ್ ಕಾಯಿಲ್ಲಿನಲ್ಲಿ ಇದು ಆಗದು. ಸುರುಳಿಯ ತಂತಿಗಳು ಕಡ್ಡಿಯಿಂದಲೇ ಹೊರಟಿರುತ್ತವೆ, ಮುಳ್ಳು ಸವೆದರೆ ಇಡೀ ಕಾರ್ಟ್ರಿಡ್ಜನ್ನೇ ಬದಲಿಸಬೇಕು, ಇಲ್ಲವೆ ಹೊಸ ವಜ್ರ ಕೂರಿಸುವ ಕುಶಲಿಗನಿಗೆ ಕಳಿಸಬೇಕು. ಅಂಥವರು ಚಿಕ್ಕನಾಯಕನಹಳ್ಳಿಯಲ್ಲಿ ಇಲ್ಲ, ತುಮಕೂರಿನಲ್ಲೂ ಇಲ್ಲ.

ಸವೆತದ ಲೆಕ್ಕ: 20 ನಿಮಿಷದ ಒಂದು ಮಗ್ಗುಲಿನಲ್ಲಿ ಗೀರಿನ ಉದ್ದ 400 ಮೀಟರಿಗೂ ಹೆಚ್ಚು. ವಜ್ರಕ್ಕೆ 500 ಗಂಟೆ ಆಯುಸ್ಸು ಎಂದು ಹಿಡಿದರೂ ಅದು ಓಡುವ ದೂರ 600 ಕಿಲೋಮೀಟರ್ ದಾಟುತ್ತದೆ. ಇಲ್ಲಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬಂದರೂ ಇನ್ನೂ ದಾರಿ ಮಿಗುತ್ತದೆ.

*

ತಂದೆಯವರ ಎಚ್‌ಎಂವಿ ಫಿಯೆಸ್ಟಾ ಇನ್ನೂ ಮೂಲೆಯಲ್ಲಿದೆ. ಅಂಥ ಪೆಟ್ಟಿಗೆಗಳ ತಲೆಯಲ್ಲಿ ಇರುತ್ತಿದ್ದುದು ಅಯಸ್ಕಾಂತವೂ ಅಲ್ಲ ಸುರುಳಿಯೂ ಅಲ್ಲ, ಒತ್ತಿದರೆ ವಿದ್ಯುತ್ ಕೊಡುವ ಹರಳು ಅಥವಾ ಸೆರಾಮಿಕ್. ನೂರಾರು ಮಿಲಿವೋಲ್ಟ್! ಪ್ರೀಆಂಪ್ ಬೇಕೇ ಇಲ್ಲ. ಹಾಗೆಂದೇ ಅಗ್ಗ. ಆದರೆ ಮುಳ್ಳಿನ ಮೇಲೆ 5 ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಭಾರ. ಮದುವೆ ಮನೆಗೆ, ಗಣೇಶನ ಹಬ್ಬಕ್ಕೆ ಎಂದು ಊರೆಲ್ಲ ಸುತ್ತಿದ ಆ ಸಿನಿಮಾ ಪ್ಲೇಟುಗಳ ಗೀರು ಹೇಗಾಗಿರಬಹುದು?

ಹಾಗಾದರೆ ದನಿ ಇಳಿಯುತ್ತಾ ಬಂದಿದೆ: ನೂರಾರು, ನಾಲ್ಕು, ಸೊನ್ನೆ ಬಿಂದು ಮೂರು. ಪ್ಲೇಟಿನ ಮೇಲಿನ ಹೊರೆಯೂ ಇಳಿಯುತ್ತಾ ಬಂದಿದೆ ಎಂದುಕೊಂಡರೆ ಅದೂ ಪೂರ್ತಿ ಸರಿಯಲ್ಲ. ವಿಎಂ95ಇ ಕೇಳುವುದು 2 ಗ್ರಾಂ. ಡಿಎಲ್-103 ಕೇಳುವುದು 2.5.

*

ಟರ್ನ್‌ಟೇಬಲ್ಲಿನ ಕೈಯ ತೂಕಕ್ಕೂ ಕಾರ್ಟ್ರಿಡ್ಜಿಗೂ ಹೊಂದಬೇಕಂತೆ. ಕೈ, ಕಾರ್ಟ್ರಿಡ್ಜು, ತಿರುಪು ಎಲ್ಲ ಸೇರಿದ ಭಾರವನ್ನು ಕಡ್ಡಿ ಎಷ್ಟು ಸುಲಭವಾಗಿ ಬಾಗುತ್ತದೆ ಎಂಬ ಅಂಕಿಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಬೇಕು. ಬಂದ ಉತ್ತರ, ಅಂದರೆ ಕೈ ತಾನಾಗಿ ಕಂಪಿಸುವ ವೇಗ, 8ರಿಂದ 12 ಹರ್ಟ್ಸ್ ನಡುವೆ ಇದ್ದರೆ ಚೆನ್ನ. ಅದಕ್ಕಿಂತ ಕೆಳಗೆ ಪ್ಲೇಟಿನ ಡೊಂಕು, ಮೇಲೆ ಸಂಗೀತ. ಡೆನಾನ್‌ನವರು ಬಾಗುವಿಕೆಯನ್ನು 100 ಹರ್ಟ್ಸ್‌ನಲ್ಲಿ 5 ಎಂದು ಕೊಡುತ್ತಾರೆ. 10 ಹರ್ಟ್ಸ್‌ಗೆ ಅದನ್ನು ಸುಮಾರು ಇಮ್ಮಡಿ ಹಿಡಿಯುವುದು ವಾಡಿಕೆ. ಭಾವನ ಕೈ 13 ಗ್ರಾಂ, ಕಾರ್ಟ್ರಿಡ್ಜು 8.5. ಉತ್ತರ 11ರ ಹತ್ತಿರ. ಪಾಸು.

*

ಕೂರಿಸುವ ದಿನ. ಮೇಜಿನ ಮೇಲೆ ಬಿಳಿ ಪಂಚೆ ಹಾಸಿದ್ದರು, ಬಿದ್ದ ತಿರುಪು ಕಾಣಲಿ ಎಂದು. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ತರಬಾರದು. ಒಳಗಿನ ಅಯಸ್ಕಾಂತ ಅದನ್ನು ಸರ್ರನೆ ಎಳೆದುಕೊಂಡರೆ ಮುಳ್ಳಿನ ಕಡ್ಡಿ ಅಲ್ಲೇ ಮುರಿಯುತ್ತದೆ. ಹಿತ್ತಾಳೆಯದನ್ನೇ ತರಿಸಿದ್ದರು. ಕೆಲವು ಹಳೆಯ ಟರ್ನ್‌ಟೇಬಲ್ಲುಗಳ ತಿರುಗುವ ತಟ್ಟೆ ಎರಕದ ಕಬ್ಬಿಣದ್ದು, ಸ್ವಿಟ್ಜರ್ಲೆಂಡಿನ ಥೋರೆನ್ಸ್ ಟಿಡಿ-124 ಹಾಗೆ. ಅಂಥದರ ಮೇಲೆ ಬಲವಾದ ಅಯಸ್ಕಾಂತದ ಮೂವಿಂಗ್ ಕಾಯಿಲ್ ಇಟ್ಟರೆ ತಟ್ಟೆಯೇ ಅದನ್ನು ಕೆಳಕ್ಕೆ ಎಳೆದು ಮುಳ್ಳಿನ ಭಾರ ಹೆಚ್ಚುತ್ತದಂತೆ. ಭಾವನದು ಅಲ್ಯೂಮಿನಿಯಂ.

ಗಣಿ ಸೀಮೆ ಇದು. ಅದಿರಿನ ಲಾರಿಗಳು ಓಡಿದ ರಸ್ತೆಗಳ ಕೆಂಧೂಳು ಕಿಟಕಿಯ ಸರಳಿನ ಮೇಲೆ ಕೂರುವುದನ್ನು ನೋಡುತ್ತಲೇ ಬೆಳೆದವನು ನಾನು. ಅದು ಅಯಸ್ಕಾಂತಕ್ಕೆ ಅಂಟೀತೇ? ಹೆಮಟೈಟ್ ಧೂಳನ್ನು ಅಯಸ್ಕಾಂತ ಹೆಚ್ಚು ಸೆಳೆಯದು, ಮ್ಯಾಗ್ನಟೈಟ್ ಕಣವನ್ನು ಬಿಡದು. ಸುರುಳಿ ಆಡುವ ಸಂದು ಕೂದಲೆಳೆಯಷ್ಟು, ಅಲ್ಲಿ ಒಂದು ಕಣ ಸಿಕ್ಕಿದರೂ ಸಾಕು. ಮುಚ್ಚಳ ಹಾಕಿಯೇ ಇಡಿ ಎಂದು ಭಾವನಿಗೆ ಹೇಳಿದ್ದೇನೆ. ಕೊಬ್ಬರಿ ಸುಲಿಯುವ ಕಾಲದಲ್ಲಿ ನಾರಿನ ಧೂಳು ಬೇರೆ.

*

ಮುಳ್ಳು ಇಳಿಸುವ ಮೊದಲೇ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು.

ಇದೇ ಈ ಟಿಪ್ಪಣಿ ಪುಸ್ತಕದಲ್ಲಿ ನಾನು ಹೆಚ್ಚು ಪುಟ ತುಂಬಿಸಿದ ವಿಷಯ. ಮೊದಲಿನ ಕಾರ್ಟ್ರಿಡ್ಜಿಗೆ 40 ಡೆಸಿಬೆಲ್ ವರ್ಧನೆ ಸಾಕಿತ್ತು, ಅಂದರೆ 100 ಪಟ್ಟು. ಇದಕ್ಕೆ 60, ಅಂದರೆ 1000 ಪಟ್ಟು. ಭಾವ ಆರಿಸಿಕೊಂಡ ದಾರಿ 1:10 ಟ್ರಾನ್ಸ್‌ಫಾರ್ಮರ್ ಮೂಲಕ ಹತ್ತು ಪಟ್ಟು ಏರಿಸಿ, ಹಳೆಯ ಪ್ರೀಆಂಪಿಗೇ ಕೊಡುವುದು. (ಇಲ್ಲೊಂದು ಬೆರಗು: ವೋಲ್ಟೇಜು ಹತ್ತು ಪಟ್ಟಾದರೆ ಪ್ರೀಆಂಪಿನ 47,000 ಓಮ್ ಕಾರ್ಟ್ರಿಡ್ಜಿಗೆ ಕಾಣುವುದು ನೂರರಲ್ಲಿ ಒಂದು ಪಾಲಾಗಿ, 470 ಓಮ್. 40 ಓಮಿನ ಸುರುಳಿಗೆ ಅದು ಹಿತವಾದ ಅಂಕಿ.) ಸಂಗೀತವನ್ನು ಏರಿಸುವ ಆ ಟ್ರಾನ್ಸ್‌ಫಾರ್ಮರು ಸುತ್ತಲಿನ ಕರೆಂಟಿನ ಕಾಂತಕ್ಷೇತ್ರವನ್ನೂ ಹಿಡಿದುಕೊಳ್ಳುತ್ತದೆ.

ಅದರ ಮೇಲೆ ಇನ್ನೊಂದು. ಪ್ಲೇಟು ಕೊರೆಯುವಾಗ ಕೆಳಗಿನ ಸ್ವರಗಳನ್ನು ಕುಗ್ಗಿಸಿ, ಮೇಲಿನವನ್ನು ಹಿಗ್ಗಿಸಿ ಕೊರೆಯುತ್ತಾರೆ. ನುಡಿಸುವಾಗ ತಿರುಗಾ ಮಾಡಬೇಕು. 1954ರಲ್ಲಿ ಬಂದು, ಕ್ರಮೇಣ ಎಲ್ಲೆಡೆ ನೆಲೆಯಾದ ಆರ್‌ಐಎಎ ವಕ್ರರೇಖೆ ಅದು. ಅದರ ಪ್ರಕಾರ 50 ಹರ್ಟ್ಸ್ ಸ್ವರ 1000 ಹರ್ಟ್ಸ್‌ಗಿಂತ 17 ಡೆಸಿಬೆಲ್, ಏಳು ಪಟ್ಟು, ಹೆಚ್ಚು ಏರುತ್ತದೆ. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್. ಗುಂಯ್ ಸದ್ದು ಸರಿಯಾಗಿ ಆ ಜಾಗದಲ್ಲೇ ಕೂತಿದೆ.

ಟ್ರಾನ್ಸ್‌ಫಾರ್ಮರಿನ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಧಾನ ತಿರುಗಿಸಿದರು. ಒಂದು ದಿಕ್ಕಿನಲ್ಲಿ ಸದ್ದು ಏರಿತು, ಕಾಲು ಸುತ್ತು ತಿರುಗಿಸಿದರೆ ಇಳಿಯಿತು. ಆಂಪ್ಲಿಫೈಯರಿನಿಂದ ಒಂದು ಮೊಳ ದೂರ ಇಟ್ಟರೆ ಇನ್ನೂ ಇಳಿಯಿತು. ಉಳಿದದ್ದು ಹೋಗಲಿಲ್ಲ. ತ್ರೀ ಫೇಸ್ ಬಂದು ತೋಟದ ಬೋರ್‌ವೆಲ್ ಮೋಟಾರ್ ಎಳೆದುಕೊಂಡಾಗ ಸ್ಪೀಕರಿನಲ್ಲಿ ಟಪ್ ಎನ್ನುವುದೂ ಶುರುವಾಯಿತು. ಅದು ಮೊದಲೂ ಇದ್ದಿರಬೇಕು, ಈಗ ಕೇಳಿಸುತ್ತಿದೆ.

*

ಎಲೆಕ್ಟ್ರಿಷಿಯನ್ ಹುಡುಗ ಬಂದ. ಟರ್ನ್‌ಟೇಬಲ್ಲನ್ನು ನೋಡಲೇ ಇಲ್ಲ. ನೇರ ಹಿತ್ತಲಿಗೆ ಹೋಗಿ ಅರ್ತ್ ಗುಂಡಿ ಎಲ್ಲಿ ಎಂದ. ಹುಡುಕಿದರೆ ಬಚ್ಚಲ ಒಲೆಯ ಬೂದಿ ಸುರಿಯುವ ಜಾಗದ ಕೆಳಗಿತ್ತು. ಮಣ್ಣು ಒಣಗಿ ಬಿರಿದಿತ್ತು.

“ಅರ್ತ್‌ಗೆ ನೀರು ಹಾಕಿ ಎಷ್ಟ್ ವರ್ಷ ಆಯ್ತಣ್ಣ?” ಎಂದು ಕೇಳಿದ. ಭಾವ ಅಕ್ಕನ ಮುಖ ನೋಡಿದರು.

ಹೊಸ ಗುಂಡಿ ತೋಡಿಸಿದರು. ಕೊಳವೆಯ ಸುತ್ತ ಒಂದು ಪದರ ಉಪ್ಪು, ಒಂದು ಪದರ ಇದ್ದಿಲು. ಇದ್ದಿಲಿಗೆ ಈ ಊರಲ್ಲಿ ಬರವಿಲ್ಲ, ತೆಂಗಿನ ಚಿಪ್ಪು ಸುಟ್ಟದ್ದು ಚೀಲಗಟ್ಟಲೆ ಸಿಗುತ್ತದೆ. ಇದ್ದಿಲು ನೀರು ಹಿಡಿದಿಡುತ್ತದೆ, ಉಪ್ಪು ಕರೆಂಟು ಹರಿಯಲು ದಾರಿ ಕೊಡುತ್ತದೆ. ಬೇಸಿಗೆಯಲ್ಲಿ ನೀರು ತಪ್ಪಿಸಬಾರದು. ಆಮೇಲೆ ಒಳಗೆ ಬಂದು, ಒಂದೇ ಸಲಕರಣೆಗೆ ಎರಡು ದಾರಿಯಿಂದ ಅರ್ತ್ ಸೇರುತ್ತಿದ್ದುದನ್ನು ಕಂಡುಹಿಡಿದು, ಟರ್ನ್‌ಟೇಬಲ್ಲು, ಟ್ರಾನ್ಸ್‌ಫಾರ್ಮರು, ಪ್ರೀಆಂಪು ಮೂರರ ಹಸಿರು ತಂತಿಗಳನ್ನೂ ಒಂದೇ ತಿರುಪಿಗೆ ತಂದು ಬಿಗಿದ. ಸದ್ದು ಸ್ಪೀಕರಿಗೆ ಕಿವಿ ಕೊಟ್ಟರಷ್ಟೇ ತಿಳಿಯುವಷ್ಟಕ್ಕೆ ಬಂತು.

ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ನನ್ನೇ ಬಿಚ್ಚಿ ಹಾಕುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಯಾವ ಸಂಗೀತಕ್ಕೂ ಆ ಬೆಲೆ ತೆರಬಾರದು.

*

ವಿಚಿತ್ರ ಎಂದರೆ, ಅರ್ತ್ ಸರಿಯಾದ ಮೇಲೆ ಹಳೆಯ ಕಾರ್ಟ್ರಿಡ್ಜನ್ನೂ ಮತ್ತೆ ಹಾಕಿ ಕೇಳಿದರು. ಅದೂ ಬೇರೆಯೇ ಆಗಿತ್ತು. ಹಾಡು ನಿಂತು ಮತ್ತೆ ಶುರುವಾಗುವ ನಡುವಿನ ಮೌನ ಆಳವಾಗಿತ್ತು. ಹಾಗಾದರೆ ನಾವು ಇಷ್ಟು ದಿನ ದೂರಿದ್ದು ಯಾವುದನ್ನು?

*

ಹೋಲಿಸಿ ಕೇಳುವುದು ಸುಲಭವಲ್ಲ. ಎರಡರಲ್ಲಿ ಯಾವುದು ತುಸು ಜೋರಾಗಿದೆಯೋ ಅದೇ ಚೆನ್ನ ಎಂದು ಕಿವಿ ಹೇಳಿಬಿಡುತ್ತದೆ. ಭಾವ ಎರಡನ್ನೂ ಬೇರೆ ಬೇರೆ ಹೆಡ್‌ಶೆಲ್ಲಿನಲ್ಲಿ ಕೂರಿಸಿ, ಪರೀಕ್ಷೆಯ ಪ್ಲೇಟಿನ ಒಂದೇ ಸ್ವರ ಹಾಕಿ, ಫೋನಿನಲ್ಲಿ ಸದ್ದು ಅಳೆದು, ವಾಲ್ಯೂಮ್ ಗುಬುಟಿನ ಪಕ್ಕ ಪೆನ್ಸಿಲ್ ಗುರುತು ಹಾಕಿಕೊಂಡರು. ಈ ಶಿಸ್ತು ಇಲ್ಲದೆ ಯಾರಾದರೂ ‘ಅಜಗಜಾಂತರ’ ಎಂದರೆ ನಾನು ನಂಬಲಾರೆ.

ವೀಣೆ: ಸುರುಳಿಯೇ ಮೇಲು. ಮೀಟಿದ ಉಗುರಿನ ಸದ್ದು, ಆಮೇಲೆ ತಂತಿ, ಆಮೇಲೆ ಕೊಡದ ಒಳಗಿನ ಗುಣುಗು ಬೇರೆ ಬೇರೆಯಾಗಿ ಬಂದು ಒಂದಾಗುವುದು ಕೇಳಿಸಿತು. ಮೃದಂಗದ ಎಡದ ಗುಮುಕಿಗೂ ಒಂದು ಜಾಗ ಸಿಕ್ಕಿತು. ಅಕ್ಕ ಅಡುಗೆಮನೆಯಿಂದ ಬಂದು ನಿಂತು ಕೇಳಿದಳು, ಏನೂ ಹೇಳಲಿಲ್ಲ, ಆದರೆ ಮಗ್ಗುಲು ಮುಗಿಯುವವರೆಗೂ ನಿಂತಿದ್ದಳು.

ಮನ್ಸೂರರ ಗಾಯನ: ವ್ಯತ್ಯಾಸವಿದೆ. ಯಾವುದು ಮೇಲು ಎಂದು ನಾನು ಹೇಳಲಾರೆ.

‘ಸನಾದಿ ಅಪ್ಪಣ್ಣ’: ಬಿಸ್ಮಿಲ್ಲಾ ಖಾನರ ಶಹನಾಯಿ ಮೇಲೇರಿದಲ್ಲೆಲ್ಲ ಎರಡರಲ್ಲೂ ಒಡಕು. ಡಿಎಲ್-103ರ ಶಂಕು ಮುಳ್ಳು ಗೋಡೆಯ ಮೇಲೆ ತಾಗುವುದು ಸುಮಾರು ಹಳೆಯ ಫಿಯೆಸ್ಟಾ ಮುಳ್ಳು ಉಜ್ಜಿದ ಎತ್ತರದಲ್ಲೇ. ಸವೆದ ದಾರಿಯಲ್ಲೇ ಇದೂ ನಡೆಯುತ್ತದೆ. ಹಾಗೆಂದುಕೊಂಡು ಭಾವ ಹಳೆಯ ವಿಎಂ95 ಮೈಗೇ ಮೈಕ್ರೋಲೈನ್ ಮುಳ್ಳು ತರಿಸಿ ಸಿಕ್ಕಿಸಿದರು. ಅದರ ಅಂಚು ಸಣ್ಣದು, ಗೋಡೆಗೆ ಮೇಲಿಂದ ಕೆಳಗೆ ಉದ್ದಕ್ಕೆ ತಾಗುತ್ತದೆ, ಹಳೆಯ ಮುಳ್ಳು ಮುಟ್ಟದ ಜಾಗವನ್ನೂ ಓದುತ್ತದೆ. ಶಹನಾಯಿಯ ಒಡಕು ಪೂರ್ತಿ ಹೋಗಲಿಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಸುರುಳಿಯ ಬೆಲೆಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ.

ಇದು ನನಗೆ ಅತಿ ದೊಡ್ಡ ಆಶ್ಚರ್ಯ. ಅಯಸ್ಕಾಂತ ಆಡಬೇಕೋ ಸುರುಳಿ ಆಡಬೇಕೋ ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡೆವು. ಈ ಬೀರುವಿನ ಹೆಚ್ಚಿನ ಪ್ಲೇಟುಗಳಿಗೆ ಮುಖ್ಯವಾದದ್ದು ಕಡ್ಡಿಯ ಈ ತುದಿಯ ವಜ್ರದ ಆಕಾರ.

*

ನನ್ನ ತೀರ್ಮಾನ ಬರೆದಿಡುತ್ತೇನೆ, ಬೇರೆಯವರು ಒಪ್ಪದಿರಬಹುದು. ಮೂರು ಕಾಲದ ಪ್ಲೇಟುಗಳಿರುವ ಮನೆಗೆ ಮೂವಿಂಗ್ ಮ್ಯಾಗ್ನೆಟ್ಟೇ ಸರಿ, ಮುಳ್ಳು ಬದಲಿಸುತ್ತಾ ಹೋಗಬಹುದು. ಗೀರು ಕೆಡದ ಒಳ್ಳೆಯ ಎಲ್‌ಪಿಗಳು ಸಾಕಷ್ಟಿದ್ದು, ಕೈ ಭಾರವಾಗಿದ್ದು, ಮನೆಯ ಅರ್ತ್ ಗಟ್ಟಿಯಾಗಿದ್ದರೆ ಮೂವಿಂಗ್ ಕಾಯಿಲ್ ತರಬಹುದು. ಆ ವೀಣೆ ಕೇಳಿದ ಮೇಲೆ ಭಾವನ ದುಡ್ಡು ದಂಡವಾಯಿತು ಎಂದು ನಾನು ಹೇಳಲಾರೆ. ಖರ್ಚಿನ ಕ್ರಮ ಮಾತ್ರ ಹೀಗಿರಲಿ: ಮೊದಲು ಅರ್ತ್, ಆಮೇಲೆ ಮುಳ್ಳಿನ ಕೋನ ಮತ್ತು ಭಾರ, ಆಮೇಲೆ ಮುಳ್ಳಿನ ಆಕಾರ, ಕೊನೆಗೆ ಸುರುಳಿ.

ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರು ಕಡೆಯ ಮನೆಗಳಲ್ಲಿ ಇನ್ನೂ ಪ್ಲೇಟುಗಳಿವೆ, ಹೆಚ್ಚಿನವು ಕೊಬ್ಬರಿಯ ಪಕ್ಕ ಅಟ್ಟದ ಮೇಲೆ, ಒಂದರ ಮೇಲೊಂದು ಪೇರಿಸಿದ ಹಾಗೆಯೇ. ದಯವಿಟ್ಟು ಇಳಿಸಿ. ಹೆಂಚಿನ ಕಾವಿಗೆ ಅವು ಬಾಗುತ್ತವೆ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ. ಹಳೆಯ ಪೆಟ್ಟಿಗೆಯ ಸವೆದ ಮುಳ್ಳಿನಲ್ಲಿ ಒಂದು ಸಲ ಕೇಳಿಬಿಡೋಣ ಎನ್ನಬೇಡಿ. ಒಳ್ಳೆಯ ಮುಳ್ಳು ಇರುವವರ ಮನೆಗೆ ಕೊಂಡೊಯ್ದು ಕೇಳಿ, ಆಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಒರೆಸುವಾಗ 78ರ ಪ್ಲೇಟಿಗೆ ಸ್ಪಿರಿಟ್ ಮಾತ್ರ ಸೋಕಿಸಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ.